ಘಟ್ಟ ಇಳಿದಾಗ ತೊಟ್ಟಿಕ್ಕುವ ನೀರು

ಪ್ರಶ್ನೆ: ಅಪ್ಪ ನಿವೃತ್ತರಾದ ಮೇಲೆ ಕೊಂಡ ಹಳೆಯ ಕ್ಯಾರವಾನ್ ನಮ್ಮಲ್ಲಿದೆ. ಎ.ಸಿ. ಛಾವಣಿಯ ಮೇಲಿದೆ. ಹುಬ್ಬಳ್ಳಿಯಲ್ಲಿ ಎಷ್ಟು ಹೊತ್ತು ಓಡಿಸಿದರೂ ತೊಂದರೆಯಿಲ್ಲ. ಗೋಕರ್ಣಕ್ಕೆ ಹೊರಟು ಅರಬೈಲ್ ಘಟ್ಟ ಇಳಿಯುವಾಗ ಮಾತ್ರ, ಮಳೆ ಇಲ್ಲದಿದ್ದರೂ, ಅಪ್ಪನ ಹಾಸಿಗೆ ಮೇಲೆ ನೀರು ಸುರಿಯುತ್ತದೆ. ಮೆಕ್ಯಾನಿಕ್ ಎ.ಸಿ. ಸುತ್ತ ಸಿಲಿಕಾನ್ ಬಳಿದ ಮೇಲೆ ಇನ್ನೂ ಹೆಚ್ಚಾಗಿದೆ. ಮನೆಯವರೆಲ್ಲ ಗಾಡಿ ಮಾರಿಬಿಡು ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗ, ಗೋಪನಕೊಪ್ಪ, ಹುಬ್ಬಳ್ಳಿ

ಉತ್ತರ: ಗಾಡಿ ಮಾರುವ ಮಾತು ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ಮಳೆ ಇಲ್ಲದೆ ಬರುವ ನೀರು ಗಾಳಿಯದ್ದು. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವ ಹಾಗೆ ಎ.ಸಿ.ಯ ತಣ್ಣನೆಯ ಕಾಯಿಲ್ ಮೇಲೂ ಹನಿ ಕೂಡುತ್ತದೆ. ಹುಬ್ಬಳ್ಳಿಯ ಬೇಸಿಗೆ ಗಾಳಿ ಒಣಗಾಳಿ, ಹನಿ ಕಡಿಮೆ. ಕರಾವಳಿ ಹತ್ತಿರವಾದಂತೆ ತೇವ ಹೆಚ್ಚಿ, ತಳದ ತಟ್ಟೆ ತುಂಬುತ್ತದೆ. ಆ ನೀರು ತಟ್ಟೆಯ ಕಿಂಡಿಗಳಿಂದ ಛಾವಣಿಗೆ ಹರಿದು ಹೊರಗೆ ಹೋಗಬೇಕು. ಧೂಳು, ತರಗೆಲೆ ಕಟ್ಟಿಕೊಂಡರೆ ಅಲ್ಲೇ ನಿಲ್ಲುತ್ತದೆ. ಘಟ್ಟದಲ್ಲಿ ಗಾಡಿ ಮುಂದಕ್ಕೆ ವಾಲಿದಾಗ ಅಂಚು ದಾಟಿ ಒಳಗೆ ಬೀಳುತ್ತದೆ. ಸಿಲಿಕಾನ್ ಬಳಿದದ್ದು ಹೊರದಾರಿಯನ್ನೇ ಮುಚ್ಚಿರಬೇಕು.

ಮೊದಲು ವಿದ್ಯುತ್ ಸಂಪರ್ಕ ಪೂರ್ತಿ ತೆಗೆಯಿರಿ. ಹಳೆಯ ಛಾವಣಿಯ ಮೇಲೆ ಹಲಗೆ ಹಾಕಿಕೊಂಡೇ ಹತ್ತಿ. ಮುಚ್ಚಳ ಬಿಚ್ಚಿ, ಸಿಲಿಕಾನ್ ಕೆರೆದು ತೆಗೆದು, ಮೆತ್ತನೆಯ ಬ್ರಷ್‌ನಿಂದ ತಟ್ಟೆಯನ್ನೂ ಕಿಂಡಿಗಳನ್ನೂ ಸ್ವಚ್ಛ ಮಾಡಿ. ತಟ್ಟೆಗೆ ಒಂದು ಚೊಂಬು ನೀರು ನಿಧಾನವಾಗಿ ಸುರಿದರೆ ಅದು ತಡೆಯಿಲ್ಲದೆ ಛಾವಣಿಗೆ ಇಳಿಯಬೇಕು. ಒಳಗಿನ ಫಿಲ್ಟರ್ ತೊಳೆಯಿರಿ. ಅದು ಕಟ್ಟಿಕೊಂಡರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ, ಎ.ಸಿ. ನಿಲ್ಲಿಸಿದಾಗ ಒಮ್ಮೆಲೇ ಕರಗುತ್ತದೆ.

ಆಮೇಲೆ ಎ.ಸಿ. ಬಂದ್ ಇಟ್ಟು ಛಾವಣಿಗೆ ಪೈಪಿನಿಂದ ನೀರು ಬಿಡಿ. ಆಗಲೂ ಸೋರಿದರೆ ತಪ್ಪು ಗ್ಯಾಸ್ಕೆಟ್‌ನದು. ಇಂಥ ಎ.ಸಿ.ಗಳು ಸಾಮಾನ್ಯವಾಗಿ 14 ಇಂಚು ಚೌಕದ ಕಿಂಡಿಯ ಮೇಲೆ ಫೋಮ್ ಗ್ಯಾಸ್ಕೆಟ್ ಇಟ್ಟು ಕೂರುತ್ತವೆ. ವರ್ಷಗಳು ಕಳೆದಂತೆ ಅದು ಚಪ್ಪಟೆಯಾಗುತ್ತದೆ. ಒಳಗಿನ ಬೋಲ್ಟುಗಳನ್ನು ಒಂದೊಂದು ಸುತ್ತು ಸಮನಾಗಿ ಬಿಗಿ ಮಾಡಿ ನೋಡಿ. ಅತಿಯಾಗಿ ಬಿಗಿದರೆ ತಟ್ಟೆ ಸೀಳುತ್ತದೆ. ಬಿಗಿದರೂ ನಿಲ್ಲದಿದ್ದರೆ ಎ.ಸಿ. ಎತ್ತಿ ಹೊಸ ಗ್ಯಾಸ್ಕೆಟ್ ಹಾಕಿಸಿ. ಅದು ಇಬ್ಬರು ಆಳುಗಳ ಕೆಲಸ, ಒಬ್ಬರೇ ಎತ್ತಬೇಡಿ.

ಕೊನೆಗೆ ಎ.ಸಿ. ಸುತ್ತಲಿನ ಒಳಛಾವಣಿಯನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಪ್ಲೈವುಡ್ ಕೊಳೆತಿದೆ ಎಂದರ್ಥ, ಮೊದಲು ಅದನ್ನು ಬದಲಿಸಿ. ಗಟ್ಟಿಯಾಗಿದ್ದರೆ ನಿಮ್ಮ ಗಾಡಿಗೆ ಇನ್ನೂ ಆಯುಸ್ಸಿದೆ. ಮುಂಗಾರಿಗೆ ಮೊದಲೇ ಕೆಲಸ ಮುಗಿಸಿ, ತಂದೆಯವರನ್ನು ಒಣ ಹಾಸಿಗೆಯ ಮೇಲೆ ಗೋಕರ್ಣಕ್ಕೆ ಕರೆದುಕೊಂಡು ಹೋಗಿ.