ಶಕ್ತಿ, ಸಂದಣಿ, ಚಲನೆ: ಕೆಲವು ಇಂಗ್ಲಿಷ್ ಪದಗಳ ವಂಶಾವಳಿ

ಪ್ರೌಢಶಾಲೆಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಿ ಮೊದಲು ಎದುರಾಗುವ ತೊಡಕು ಅನೇಕ ವೇಳೆ ವಿಜ್ಞಾನದ್ದಲ್ಲ, ಪದಗಳದ್ದು. ಚಲನಶಕ್ತಿ ಎಂದರೇನೆಂಬುದನ್ನು ಬಲ್ಲವರೂ ‘ಕೈನೆಟಿಕ್ ಎನರ್ಜಿ’ ಎಂದೊಡನೆ ತಡವರಿಸುತ್ತಾರೆ. ನಿಘಂಟನ್ನು ಹಿಡಿದು ದಿನಕ್ಕೆ ಹತ್ತು ಪದಗಳಂತೆ ಬಾಯಿಪಾಠ ಮಾಡುವವರೂ ಉಂಟು. ಹಾಗೆ ಕಲಿತದ್ದು ಬಹುಕಾಲ ನಿಲ್ಲುವುದಿಲ್ಲ. ‘ಚಲ್’ ಧಾತುವನ್ನು ಅರಿತವರು ಅಚಲ, ಚಾಲಕ, ವಿಚಲಿತ ಎಂಬುವನ್ನು ಬೇರೆ ಬೇರೆಯಾಗಿ ಕಲಿಯಬೇಕಾಗಿಲ್ಲವಷ್ಟೆ. ಇಂಗ್ಲಿಷಿಗೂ ಇದೇ ಉಪಾಯ ಸಲ್ಲುತ್ತದೆ.

‘ಎನರ್ಜಿ’ಯನ್ನೇ ಮೊದಲು ನೋಡೋಣ. ಗ್ರೀಕಿನಲ್ಲಿ ‘ಎರ್ಗಾನ್’ ಎಂದರೆ ಕೆಲಸ. ‘ಎನ್’ ಎಂದರೆ ಒಳಗೆ. ಕಾರ್ಯದಲ್ಲಿ ತೊಡಗಿರುವಿಕೆಯೇ ಎನರ್ಜಿ. ಈ ಹಳೆಯ ಪದಕ್ಕೆ ಭೌತವಿಜ್ಞಾನದ ಅರ್ಥವನ್ನು ಕೊಟ್ಟವನು ಥಾಮಸ್ ಯಂಗ್. 1807ರಲ್ಲಿ ಅಚ್ಚಾದ ಅವನ ಉಪನ್ಯಾಸಗಳಲ್ಲಿ ಅದನ್ನು ಕಾಣಬಹುದು. ಕೆಲಸದ ಮಾನವಾದ ‘ಅರ್ಗ್’ ಇದೇ ಮನೆತನದ್ದು. ಕೈಯಿಂದ ಕೆಲಸ ಮಾಡುವವನು ಎಂಬ ಅರ್ಥದ ‘ಸರ್ಜನ್’ ಕೂಡ ಇಲ್ಲಿಯವನೇ! 1894ರಲ್ಲಿ ರ‍್ಯಾಲೆ ಮತ್ತು ರ‍್ಯಾಮ್ಸೆ ವಾಯುವಿನಲ್ಲಿ ಕಂಡುಹಿಡಿದ ಹೊಸ ಅನಿಲವು ಯಾವುದರೊಡನೆಯೂ ಸಂಯೋಗ ಹೊಂದಲೊಲ್ಲದಾಯಿತು. ಅದಕ್ಕೆ ‘ಆರ್ಗಾನ್’ ಎಂದು ಹೆಸರಿಟ್ಟರು: ಕೆಲಸವಿಲ್ಲದ್ದು, ಅಂದರೆ ಸೋಮಾರಿ.

ಚಲಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ‘ಕೈನೆಟಿಕ್’ ಬಂದಿತು, ‘ಸಿನಿಮಾ’ವೂ ಬಂದಿತು. ಅದೇ ಅರ್ಥದ ಲ್ಯಾಟಿನ್ ಧಾತು ‘ಮೋಷನ್’, ‘ಮೋಟಾರ್’, ‘ಮೊಮೆಂಟಮ್’ಗಳನ್ನು ಕೊಟ್ಟಿದೆ, ಮನಸ್ಸಿನ ಕದಲಿಕೆಯಾದ ‘ಎಮೋಷನ್’ ಸಹ ಅದರ ಕೂಸು. ‘ಮಾಬ್’ ಎಂಬ ಚಿಕ್ಕ ಪದವೂ ಇಲ್ಲಿಗೇ ಸೇರುತ್ತದೆ. ಚಂಚಲವಾದ ಜನಸಮೂಹ ಎಂಬರ್ಥದ ‘ಮೊಬಿಲೆ ವಲ್ಗಸ್’ ಎಂಬ ಲ್ಯಾಟಿನ್ ಪದಪುಂಜವನ್ನು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷರು ಹೀಗೆ ಮೊಟಕು ಮಾಡಿಕೊಂಡರು. ಜೊನಾಥನ್ ಸ್ವಿಫ್ಟನಿಗೆ ಈ ಮೊಟಕು ರೂಪವನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಭಾಷೆ ಅವನ ಮಾತನ್ನು ಕೇಳಲಿಲ್ಲ. ‘ಕ್ರೌಡ್’ ಹಾಗಲ್ಲ. ಅದರ ಮೂಲ ಒತ್ತು, ನೂಕು ಎಂಬ ಹಳೆಯ ಇಂಗ್ಲಿಷ್ ಕ್ರಿಯಾಪದ. ನಮ್ಮ ‘ನೂಕುನುಗ್ಗಲು’ ಇದಕ್ಕೆ ಬಹು ಸಮೀಪ. ತೇರಿನ ಬೀದಿಯಲ್ಲಿ ನೆರೆದವರು ಕ್ರೌಡ್. ಅವರೇ ಕೆರಳಿ ಕಲ್ಲು ತೂರತೊಡಗಿದರೆ ಮಾಬ್. ಒಂದರ ಬದಲು ಇನ್ನೊಂದನ್ನು ಬರೆದರೆ ಭಕ್ತರನ್ನು ದೊಂಬಿಗಾರರನ್ನಾಗಿ ಮಾಡಿದಂತಾದೀತು.

ಶಕ್ತಿ, ಸಂದಣಿ, ಚಲನೆ ಮೂರೂ ಒಂದೆಡೆ ಕೂಡುವ ಮನೆತನವೊಂದಿದೆ. ಲ್ಯಾಟಿನ್ನಿನ ‘ಟರ್ಬ’ ಎಂದರೆ ಗದ್ದಲ, ಗುಂಪು; ಅದರ ಸೋದರ ಪದ ‘ಟರ್ಬೊ’ ಎಂದರೆ ಸುಳಿ, ಬುಗುರಿ. ಮೊದಲಿನದರಿಂದ ‘ಡಿಸ್ಟರ್ಬ್’, ‘ಟರ್ಬ್ಯುಲೆಂಟ್’ ಹುಟ್ಟಿದವು. 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ನಳಿಗೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯನ್ನು ಬಿಟ್ಟು ನೋಡಿದನು. ವೇಗ ಕಡಿಮೆಯಿದ್ದಾಗ ಆ ಎಳೆ ನೇರವಾಗಿ ಸಾಗಿತು. ವೇಗ ಒಂದು ಮಿತಿಯನ್ನು ದಾಟಿದೊಡನೆ ಕದಡಿ ಸುಳಿಸುಳಿಯಾಯಿತು. ಇಂಥ ಹರಿವಿಗೆ ‘ಟರ್ಬ್ಯುಲೆಂಟ್’ ಎಂಬ ಹೆಸರು ಬಳಿಕ ನಿಂತಿತು: ನೀರಿನ ಕಣಗಳು ಗದ್ದಲದ ಗುಂಪಿನಂತೆ ವರ್ತಿಸುತ್ತವೆ. ಎರಡನೆಯದರಿಂದ ಫ್ರಾನ್ಸಿನ ಕ್ಲೋಡ್ ಬುರ್ದ್ಯಾಂ 1822ರಲ್ಲಿ ‘ಟರ್ಬೈನ್’ ಎಂಬ ಪದವನ್ನು ಕಟ್ಟಿದನು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು ಈ ಬುಗುರಿಯು ಕಾವೇರಿಯ ನೀರಿನಲ್ಲಿ ತಿರುಗಿದ್ದರಿಂದ.

ಧಾತುವೊಂದನ್ನೇ ನಂಬಿ ಅರ್ಥ ಹೇಳಲು ಮಾತ್ರ ಹೊರಡಬಾರದು. ಮಂದೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಗ್ರಿಗೇರಿಯಸ್’ ಬಂದಿದೆ. ಗುಂಪಿನಲ್ಲಿ ಇರಬಯಸುವ ಎಂಬ ಅದರ ಅರ್ಥ ಸುಲಭವಾಗಿ ಹೊಳೆಯುತ್ತದೆ. ‘ಇಗ್ರೀಜಿಯಸ್’ ಎಂದರೆ ಮಂದೆಯಿಂದ ಹೊರಗೆ ನಿಂತದ್ದು. ಹಿಂದೆ ಅದು ಹೊಗಳಿಕೆಯಾಗಿದ್ದಿತು. ಇಂದು ಎದ್ದುಕಾಣುವ ಕೆಟ್ಟತನಕ್ಕೆ ಸಲ್ಲುತ್ತದೆ. ಬಳಕೆಯನ್ನು ವಾಕ್ಯಗಳಲ್ಲಿಯೇ ನೋಡಿ ಕಲಿಯಬೇಕು.

ಅಭ್ಯಾಸಕ್ಕೊಂದು ಪದ: ‘ಪರ್ಟರ್ಬೇಷನ್’. ಯುರೇನಸ್ಸಿನ ಗತಿಯಲ್ಲಿ ಇದು ಕಂಡುಬಂದುದರಿಂದಲೇ ಲವೆರ‍್ಯೇ ಮಾಡಿದ ಲೆಕ್ಕವನ್ನು ಹಿಡಿದು 1846ರಲ್ಲಿ ನೆಪ್ಚೂನನ್ನು ಹುಡುಕಿದರು. ನಿಘಂಟನ್ನು ತೆರೆಯುವ ಮುನ್ನ ಇದರ ಅರ್ಥವನ್ನು ವಾಚಕರು ತಾವೇ ಊಹಿಸಿ ಬರೆದುಕೊಳ್ಳಲಿ.