ಹಿತ್ತಿಲಿನಲ್ಲೊಂದು ಕೊಟ್ಟಿಗೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೊಟ್ಟಿಗೆ ಕಟ್ಟಿ ನೋಡು ಎಂದು ಯಾರೂ ಹೇಳಿದಂತಿಲ್ಲ. ಗುದ್ದಲಿ, ಹಾರೆ, ಗೊಬ್ಬರದ ಚೀಲಗಳನ್ನಿಡುವ ಸಣ್ಣ ಕಟ್ಟಡಕ್ಕೆ ಆಲೋಚನೆ ಏತಕ್ಕೆ, ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದರೆ ಆಯಿತಲ್ಲ ಎಂಬುದು ಸಾಮಾನ್ಯ ಭಾವನೆ. ಕಳೆದ ಬೇಸಗೆಯ ರಜೆಯವರೆಗೆ ನನ್ನ ಭಾವನೆಯೂ ಅದೇ ಆಗಿತ್ತು. ಅದು ತಪ್ಪೆಂದು ನನಗೆ ತಿಳಿದ ಬಗೆಯನ್ನೂ, ಅಂಥ ಕೊಟ್ಟಿಗೆಯನ್ನು ಕಟ್ಟುವ ಕ್ರಮವನ್ನೂ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮದು ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿ. ಅರ್ಧ ಎಕರೆ ಅಡಿಕೆ ತೋಟ, ಎರಡು ಕೋಣೆಯ ಮನೆ. ತೋಟದ ಸಾಮಾನಿಗೆ ಬೇರೆ ಜಾಗವಿರಲಿಲ್ಲ. ಗುದ್ದಲಿ ಜಗಲಿಯ ಮೂಲೆಯಲ್ಲಿ, ಯೂರಿಯಾ ಚೀಲ ಬಚ್ಚಲಿನ ಪಕ್ಕದಲ್ಲಿ, “ಔಷಧಿ”ಯ ಬಾಟಲಿ ಅಡುಗೆಮನೆಯ ಹಲಗೆಯ ಮೇಲೆ. ನಾವು ಔಷಧಿ ಎಂದು ಕರೆಯುವ ಅದು ಕೀಟಗಳಿಗೆ ಹಾಕುವ ವಿಷ. ಒಂದು ಸಂಜೆ ಕರೆಂಟು ಇರಲಿಲ್ಲ. ಅಮ್ಮ ಒಗ್ಗರಣೆಗೆಂದು ಕೈಚಾಚಿ, ಎಣ್ಣೆಯ ಬಾಟಲಿ ಎಂದು ಭ್ರಮಿಸಿ ಅದನ್ನು ತೆಗೆದುಕೊಂಡು ಮುಚ್ಚಳ ತಿರುಗಿಸಿದರು. ಘಾಟು ವಾಸನೆ ಮೂಗಿಗೆ ಬಡಿದುದರಿಂದ ಕೈ ಅಲ್ಲಿಗೇ ನಿಂತಿತು. ಆ ಹೊತ್ತು ಅಮ್ಮನಿಗೆ ನೆಗಡಿಯಾಗಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಬರೆಯಲಾರೆ.

ಆ ರಾತ್ರಿ ದೀಪದ ಬೆಳಕಿನಲ್ಲಿ ಬಾಟಲಿಯ ಚೀಟಿಯನ್ನು ಓದಿದೆ. ಅದರ ಮೇಲೆ ಹಳದಿ ಬಣ್ಣದ ತ್ರಿಕೋನವಿತ್ತು. ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳಂತೆ ಇಂಥ ವಿಷಗಳನ್ನು ನಾಲ್ಕು ಬಣ್ಣಗಳಿಂದ ಗುರುತಿಸುತ್ತಾರೆ. ಕೆಂಪು ಅತ್ಯಂತ ಘೋರ, ಅದರ ನಂತರ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಆಹಾರ ಪದಾರ್ಥಗಳಿಂದಲೂ ಮಕ್ಕಳಿಂದಲೂ ದೂರವಿಡಬೇಕೆಂಬ ಎಚ್ಚರಿಕೆ ಕನ್ನಡದಲ್ಲಿಯೇ ಅಚ್ಚಾಗಿತ್ತು. ಅಪ್ಪಯ್ಯನಿಗೆ ಓದು ಬಾರದು. ನನಗೆ ಬರುತ್ತದೆ. ಆದರೂ ದಿನವೂ ಕಣ್ಣಿಗೆ ಬೀಳುತ್ತಿದ್ದ ಆ ಚೀಟಿಯನ್ನು ನಾನು ಅದುವರೆಗೆ ಓದಿರಲಿಲ್ಲ. ಮರುದಿನವೇ ಕೊಟ್ಟಿಗೆಯ ಮಾತು ಹೊರಟಿತು.

ಮೊದಲು ಮಾಡಬೇಕಾದುದು ಪಟ್ಟಿ. ಏನೇನನ್ನು ಇಡಬೇಕೆಂದು ತಿಳಿಯದೆ ಅಳತೆಯನ್ನು ನಿರ್ಧರಿಸಲಾಗದು. ನಮ್ಮ ಪಟ್ಟಿಯಲ್ಲಿ ಉದ್ದ ಹಿಡಿಯ ಹತ್ಯಾರುಗಳು, 45 ಕೆ.ಜಿ.ಯ ಯೂರಿಯಾ ಚೀಲಗಳು, ಔಷಧಿ ಹೊಡೆಯುವ ಪಂಪು, ಕೊಳೆರೋಗಕ್ಕೆ ಬೇಕಾದ ಮೈಲುತುತ್ತ ಮತ್ತು ಸುಣ್ಣ, ಕೊನೆಗೆ ವಿಷದ ಬಾಟಲಿಗಳು ಇದ್ದವು. ಇವನ್ನೆಲ್ಲ ನೆಲದ ಮೇಲೆ ಗೆರೆ ಎಳೆದು ಜೋಡಿಸಿ, ನಡುವೆ ಒಬ್ಬರು ಓಡಾಡುವಷ್ಟು ಜಾಗ ಬಿಟ್ಟಾಗ 10 ಅಡಿ ಉದ್ದ, 8 ಅಡಿ ಅಗಲ ಸಾಕೆಂದು ಕಂಡಿತು.

ಎರಡನೆಯದು ಸ್ಥಳ ಮತ್ತು ದಿಕ್ಕು. ನಾನು ಕಾಗದದ ಮೇಲೆ ನಕ್ಷೆ ಬರೆದು, ಓಡಾಟಕ್ಕೆ ಅನುಕೂಲವೆಂದು ಬಾಗಿಲನ್ನು ಪಡುವಣಕ್ಕೆ ಇಟ್ಟಿದ್ದೆ. ಅಪ್ಪಯ್ಯ ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿ, “ಮಳೆ ಯಾವ ಕಡೆಯಿಂದ ಬರ್ತದೆ ಮಾರಾಯ?” ಎಂದರು. ನೈಋತ್ಯ ಮಾರುತದ ವಿಷಯವನ್ನು ಭೂಗೋಳದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ನಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದೂ ಗೊತ್ತಿತ್ತು. ಆದರೆ ಆ ಮಾರುತ ನನ್ನ ನಕ್ಷೆಯ ಬಾಗಿಲಿನಿಂದಲೇ ಒಳನುಗ್ಗುವುದೆಂದು ಹೊಳೆದಿರಲಿಲ್ಲ. ಬಾಗಿಲು ಮೂಡಣಕ್ಕೆ ಹೋಯಿತು. ಮಾಡಿನ ನೆತ್ತಿ ದಕ್ಷಿಣೋತ್ತರವಾಗಿ ನಿಂತು, ಇಳಿಜಾರು ಪಡುವಣ ಮಳೆಗೆ ಬೆನ್ನು ಕೊಟ್ಟಿತು. ನಾನು ಸೇರಿಸಿದ ಮಾತು ಒಂದು: ವಿಷವಿರುವ ಕಟ್ಟಡ ಬಾವಿಯಿಂದ ದೂರದಲ್ಲಿ, ಬಾವಿಗಿಂತ ತಗ್ಗಿನಲ್ಲಿ ಇರಬೇಕು. ಬಾಟಲಿ ಒಡೆದರೂ ನೀರು ಬಾವಿಯತ್ತ ಹರಿಯಬಾರದು. ಅಪ್ಪಯ್ಯ ಒಪ್ಪಿದರು.

ಇನ್ನು ಗುರುತು ಹಾಕುವುದು. ಮೂಲೆಗಳು ನೇರವಾಗಿಲ್ಲದಿದ್ದರೆ ಮಾಡಿನ ಹೆಂಚು ಕೂರುವುದಿಲ್ಲ. ಉದ್ದದ ದಾರದ ಮೇಲೆ ಮೂಲೆಯಿಂದ 6 ಅಡಿಗೆ, ಅಗಲದ ದಾರದ ಮೇಲೆ 8 ಅಡಿಗೆ ಗುರುತು ಮಾಡಿ, ಆ ಎರಡು ಗುರುತುಗಳ ನಡುವಿನ ದೂರ ಸರಿಯಾಗಿ 10 ಅಡಿ ಬರುವಂತೆ ದಾರವನ್ನು ಸರಿಸಿದರೆ ಮೂಲೆ ನೇರವಾಗುತ್ತದೆ. ಯಜ್ಞವೇದಿಗಳನ್ನು ಹಗ್ಗದಿಂದ ಅಳೆಯುತ್ತಿದ್ದ ಕಾಲದ ಬೌಧಾಯನ ಶುಲ್ಬಸೂತ್ರದಲ್ಲಿ ಹೇಳಿರುವ ನಿಯಮವೇ ಇದು. ನಾವು ಪೈಥಾಗೊರಸನ ಹೆಸರಿನಿಂದ ಕಲಿತಿದ್ದೇವೆ. ಕೊನೆಯಲ್ಲಿ ಎರಡು ಕರ್ಣಗಳನ್ನೂ ಅಳೆದು, ಸಮವಾಗಿವೆಯೇ ಎಂದು ನೋಡಿಕೊಳ್ಳಬೇಕು. ನಮ್ಮಲ್ಲಿ ಮೊದಲ ಸಲ ಎರಡಂಗುಲ ವ್ಯತ್ಯಾಸ ಬಂದು, ಗೂಟಗಳನ್ನು ಕಿತ್ತು ಮತ್ತೆ ಹೊಡೆಯಬೇಕಾಯಿತು.

ತಳಪಾಯಕ್ಕೆ ಒಂದೂವರೆ ಅಡಿ ಅಗೆದು ಜಂಬಿಟ್ಟಿಗೆ ಕಲ್ಲು ಕಟ್ಟಿ, ನೆಲವನ್ನು ಅಂಗಳಕ್ಕಿಂತ ಒಂದಡಿ ಎತ್ತರಿಸಿದೆವು. ಮರದ ಕಂಬವನ್ನು ಮಣ್ಣಿನಲ್ಲಿ ಹೂಳಿದರೆ ಗೆದ್ದಲಿಗೆ ಔತಣವಿಟ್ಟಂತೆ. ಆದುದರಿಂದ ಆರು ಕಂಬಗಳನ್ನೂ ಕಲ್ಲಿನ ಮೇಲೆ ನಿಲ್ಲಿಸಿ, ಬುಡಕ್ಕೆ ಗೇರೆಣ್ಣೆ ಬಳಿದೆವು. ಗೋಡೆಗೆ ಅಡಿಕೆ ಮರದ ದಬ್ಬೆ.

ಮಾಡಿಗೆ ನಾನು ತಗಡೆಂದೆ; ಅಪ್ಪಯ್ಯ ಹೆಂಚೆಂದರು. ಹಳೆಯ ಮನೆಯ ಮಂಗಳೂರು ಹೆಂಚು ರಾಶಿಯಾಗಿ ಬಿದ್ದಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಈ ಉದ್ಯಮದ ಫಲ ಮಲೆನಾಡಿನ ಮನೆಮನೆಯ ಮೇಲೂ ಇದೆ. ಹೆಂಚಿಗೆ ಇಳಿಜಾರು ಹೆಚ್ಚು ಬೇಕು. ಎರಡಡಿ ಅಗಲಕ್ಕೆ ಒಂದಡಿ ಏರು. ಎಂಟಡಿಗೆ ಒಂದೇ ಇಳಿಜಾರು ಕೊಟ್ಟರೆ ಒಂದು ಬದಿ ನಾಲ್ಕಡಿ ಮೇಲೇರುವುದರಿಂದ, ಎರಡೂ ಕಡೆಗೆ ಇಳಿಜಾರು ಕೊಟ್ಟೆವು. ಗೋಡೆ 7 ಅಡಿ, ನೆತ್ತಿ 9 ಅಡಿ. ಸೂರನ್ನು ಒಂದೂವರೆ ಅಡಿ, ಎರಡು ಕೊನೆಗಳನ್ನು ಒಂದೊಂದು ಅಡಿ ಹೊರಚಾಚಿದಾಗ ಮಾಡಿನ ವಿಸ್ತೀರ್ಣ ಸುಮಾರು ಒಂದೂವರೆ ಚದರ. ಚದರಕ್ಕೆ ಸುಮಾರು 140 ಹೆಂಚಿನಂತೆ 210. ಒಡೆಯುವುದಕ್ಕೆಂದು ಇನ್ನು ಹತ್ತು. ಇಷ್ಟು ಹೆಂಚಿನ ಭಾರ ಅರ್ಧ ಟನ್ನಿಗೆ ಬರುತ್ತದೆ. ನಾನು ಬರೆದಿದ್ದ ತೆಳುವಾದ ಪಕಾಸಿಗಳನ್ನು ಅಪ್ಪಯ್ಯ ಯಾಕೆ ಬೇಡವೆಂದರೆಂಬುದು ಈ ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು. ಅವರು ಲೆಕ್ಕ ಹಾಕಿರಲಿಲ್ಲ, ಅವರಿಗೆ ಗೊತ್ತಿತ್ತು.

ಕಟ್ಟಡದಷ್ಟೇ ಮುಖ್ಯವಾದುದು ಒಳಗಿನ ಅಣಿ. ಯೂರಿಯಾ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವುದರಿಂದ ಅದರ ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಟ್ಟೆವು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಅದನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿ, ಹತ್ಯಾರುಗಳ ಎದುರು ಮೂಲೆಯಲ್ಲಿ ಇರಿಸಿದೆವು. ಮೈಲುತುತ್ತ ಮತ್ತು ಸುಣ್ಣ ಒಂದೊಂದು ಕೆ.ಜಿ.ಗೆ ನೂರು ಲೀಟರು ನೀರಿನ ಬೋರ್ಡೋ ದ್ರಾವಣ ಅಡಿಕೆಯ ಕೊಳೆರೋಗಕ್ಕೆ ಮದ್ದೆಂಬುದನ್ನು 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಬೆಳೆಗಾರರಿಗೆ ತೋರಿಸಿಕೊಟ್ಟವರು ಲೆಸ್ಲಿ ಕೋಲ್ಮನ್. ಇನ್ನು ವಿಷದ ಬಾಟಲಿಗಳಿಗೆ ಬೀಗವಿರುವ ಮರದ ಪೆಟ್ಟಿಗೆ. ಮಕ್ಕಳ ಕೈಗೆಟುಕದ ಎತ್ತರದಲ್ಲಿ. ಅದರ ಕೆಳಗಿನ ನೆಲಕ್ಕೆ ಮಾತ್ರ ಸಿಮೆಂಟು, ಚೆಲ್ಲಿದ್ದು ಮಣ್ಣಿಗೆ ಇಳಿಯದಿರಲೆಂದು.

ಕೆಲಸ ಮುಗಿಯುವ ಹೊತ್ತಿಗೆ ಜೂನ್ ಬಂದಿತ್ತು. ಮೊದಲ ಜಡಿಮಳೆಯ ರಾತ್ರಿ ನಾವಿಬ್ಬರೂ ಲಾಟೀನು ಹಿಡಿದು ಹೋಗಿ ನೋಡಿದೆವು. ಉತ್ತರದ ಮೂಲೆಯಲ್ಲಿ ಒಂದು ಹೆಂಚು ಸರಿದು ತೊಟ್ಟಿಕ್ಕುತ್ತಿತ್ತು, ಉಳಿದುದೆಲ್ಲ ಒಣಗಿತ್ತು. ಆ ಹೆಂಚನ್ನು ಕೂರಿಸಿದ್ದವನು ನಾನು.

ಮಿತ್ರರೇ, ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು. ನಮ್ಮ ಓದು ಮನೆಗೆ ಯಾವಾಗ ಉಪಯೋಗಕ್ಕೆ ಬರುವುದೆಂದು ಹಿರಿಯರು ಕಾಯುತ್ತಿರುತ್ತಾರೆ. ನಾವು ನೌಕರಿ ಸಿಕ್ಕಿದ ಮೇಲೆ ಎನ್ನುತ್ತೇವೆ. ಅಷ್ಟು ದಿನ ಕಾಯಬೇಕಾಗಿಲ್ಲ. ನಿಮ್ಮ ಮನೆಯ ಹಲಗೆಯ ಮೇಲಿರುವ ಬಾಟಲಿಗಳ ಚೀಟಿಯನ್ನು ಈ ರಜೆಯಲ್ಲಿ ಒಮ್ಮೆ ಓದಿ ಹೇಳಿರಿ. ಕೊಟ್ಟಿಗೆ ಕಟ್ಟುವ ಅನುಕೂಲವಿಲ್ಲದಿದ್ದರೆ ಹೊರಗೊಂದು ಬೀಗದ ಪೆಟ್ಟಿಗೆಯಾದರೂ ಆಗಲಿ. ಈಗ ಅಂಗಡಿಯಿಂದ ಯಾವ ಬಾಟಲಿ ತಂದರೂ ಅಪ್ಪಯ್ಯ ಅದನ್ನು ಮೊದಲು ನನ್ನ ಕೈಗಿಟ್ಟು, “ಎಂತ ಬರ್ದಿದೆ ಓದು” ಎನ್ನುತ್ತಾರೆ. ಓದಿ ಹೇಳಿದ ಮೇಲೆಯೇ ಅದು ಪೆಟ್ಟಿಗೆಯೊಳಗೆ ಹೋಗುತ್ತದೆ.