ಮನಸ್ಸಿನ ವೈದ್ಯರನ್ನು ಎಲ್ಲಿ ಹುಡುಕಬೇಕು?



ಕೆಲವು ವರ್ಷಗಳ ಹಿಂದಿನ ಮಾತು. ಭಾನುವಾರದ ಬಲಿಪೂಜೆ ಮುಗಿಸಿ ಪೂಜಾವಸ್ತ್ರ ತೆಗೆಯುತ್ತಿದ್ದಾಗ ತಾಯಿಯೊಬ್ಬರು ಒಳಗೆ ಬಂದರು. "ಫಾದರ್, ನನ್ನ ಮಗ ರಾತ್ರಿಯೆಲ್ಲ ಎದ್ದು ಕೂತಿರ್ತಾನೆ. ತೋಟಕ್ಕೆ ಹೋಗೋದು ಬಿಟ್ಟ. ಹಾಕಿದ ಊಟ ತಟ್ಟೇಲೇ ಇರುತ್ತೆ. ಒಂದ್ಸಲ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ" ಎಂದರು. ನಾನು ಪ್ರಾರ್ಥಿಸಿದೆ. ದಿನವೂ ಮನೆಯಲ್ಲಿ ಜಪಸರ ಹೇಳಿ, ಹುಡುಗನನ್ನು ಪಾಪನಿವೇದನೆಗೆ ಕಳುಹಿಸಿ ಎಂದೆ. ತಿಂಗಳ ನಂತರ ಮತ್ತೆ ಬಂದರು, ಮತ್ತೆ ಪ್ರಾರ್ಥಿಸಿದೆ. ಮೂರನೆಯ ಸಲ ಅವರಿಂದ ಸುದ್ದಿ ಬಂದದ್ದು ನಡುರಾತ್ರಿಯಲ್ಲಿ. ಹುಡುಗ ಟೊಮೊಟೊ ಗಿಡಕ್ಕೆ ತಂದಿಟ್ಟಿದ್ದ ಔಷಧ ಕುಡಿದಿದ್ದ. ದೇವರ ದಯೆಯಿಂದ ಬದುಕಿ ಉಳಿದ. ಆಸ್ಪತ್ರೆಯ ವರಾಂಡದಲ್ಲಿ ವೈದ್ಯರು, "ಇಷ್ಟು ದಿನ ಯಾರಿಗೂ ತೋರಿಸಲಿಲ್ಲವೇನಮ್ಮಾ?" ಎಂದು ಕೇಳಿದರು. ಆಕೆ ನನ್ನ ಕಡೆ ನೋಡಿ, "ಫಾದರ್‌ಗೆ ತೋರಿಸಿದ್ದೆ ಸಾರ್" ಎಂದರು. ದೂರುವ ದನಿಯಲ್ಲಿ ಹೇಳಲಿಲ್ಲ. ನನಗೆ ನೋವಾದದ್ದು ಅದರಿಂದಲೇ.

ಆ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಗುರುಮಠದಲ್ಲಿ ನಾವು ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವರ್ಷಗಟ್ಟಲೆ ಓದುತ್ತೇವೆ. ಸಂತ ತೋಮಾಸ್ ಅಕ್ವಿನಾಸರು ದುಃಖಕ್ಕೆ ಪರಿಹಾರವೇನು ಎಂಬುದಕ್ಕೆ ತಮ್ಮ ಮಹಾಗ್ರಂಥದಲ್ಲಿ ಒಂದು ಪ್ರಶ್ನೆಯನ್ನೇ ಮೀಸಲಿಟ್ಟಿದ್ದಾರೆ. ಅಳು, ಗೆಳೆಯರ ಅನುಕಂಪ, ಸತ್ಯದ ಧ್ಯಾನ ಎಂದೆಲ್ಲ ಹೇಳಿ, ಕೊನೆಯಲ್ಲಿ ನಿದ್ರೆಯನ್ನೂ ಸ್ನಾನವನ್ನೂ ಸೇರಿಸುತ್ತಾರೆ. ಸ್ನಾನದ ಮಾತು ಬಂದಾಗ ತರಗತಿಯಲ್ಲಿ ನಾವೆಲ್ಲ ನಕ್ಕಿದ್ದೆವು. ಶರೀರ ಮತ್ತು ಮನಸ್ಸು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ಹದಿಮೂರನೆಯ ಶತಮಾನದ ಆ ಸಂತರು ಬಲ್ಲವರಾಗಿದ್ದರು. ನಾನು ಮಾತ್ರ ಆ ತಾಯಿಯನ್ನು, ಮಗ ಎಷ್ಟು ಹೊತ್ತು ಮಲಗುತ್ತಾನೆ, ಎಷ್ಟು ದಿನದಿಂದ ಹೀಗಿದ್ದಾನೆ, ಸಾಯುವ ಮಾತು ಆಡಿದ್ದಾನೆಯೇ ಎಂದು ಒಮ್ಮೆಯೂ ಕೇಳಲಿಲ್ಲ.

ಪ್ರಾರ್ಥನೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಖಿನ್ನತೆ ಪಾಪವಲ್ಲ. ಪಾಪನಿವೇದನೆಯಲ್ಲಿ ಅದಕ್ಕೆ ಕ್ಷಮೆ ಕೇಳುವ ಅಗತ್ಯವೇ ಇಲ್ಲ. ವೈದ್ಯನನ್ನು ಗೌರವಿಸಬೇಕು, ಅವನ ಕೈಗುಣವೂ ದೇವರಿಂದಲೇ ಬಂದದ್ದು ಎಂಬ ಅರ್ಥದ ಬೋಧೆ ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿದೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಪಾಲನಾ ಸೇವೆಯಲ್ಲಿ ಮನಶ್ಶಾಸ್ತ್ರದ ಅರಿವನ್ನೂ ಬಳಸಿಕೊಳ್ಳಬೇಕೆಂದು ಗುರುಗಳಿಗೆ ತಿಳಿಸಿತು. ದೆವ್ವ ಹಿಡಿದಿದೆ ಎಂದು ಯಾರನ್ನಾದರೂ ಕರೆತಂದಾಗಲೂ, ಮೊದಲು ಅದು ಕಾಯಿಲೆಯೇ ಎಂದು ತಿಳಿದುಕೊಳ್ಳಬೇಕು, ಮನಸ್ಸಿನ ಕಾಯಿಲೆ ವೈದ್ಯಶಾಸ್ತ್ರಕ್ಕೆ ಸೇರಿದ್ದು ಎಂದು ಧರ್ಮಸಭೆಯ ಧರ್ಮೋಪದೇಶವೇ ಹೇಳುತ್ತದೆ. ಇಷ್ಟು ಸಾಕು. ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹೋಗುವುದು ಯಾರ ಹತ್ತಿರ, ಎಲ್ಲಿಗೆ?

"ಲೈಸೆನ್ಸ್ ಇರುವ ಥೆರಪಿಸ್ಟ್ ಯಾರಾದರೂ ಇದ್ದಾರಾ ಫಾದರ್?" ಎಂದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಕೇಳುತ್ತಾರೆ. ಅಮೆರಿಕದ ಮಾತು ಅದು. ನಮ್ಮಲ್ಲಿ ಕೇಳಬೇಕಾದದ್ದು ನೋಂದಣಿಯನ್ನು. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಓದಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಥವಾ ಡಿ.ಪಿ.ಎಂ.ನಂಥ ಪದವಿ ಪಡೆದವರು. ಔಷಧ ಬರೆಯುವವರು ಅವರೇ. ಇಲ್ಲಿಯೇ ಓದಿ ವೃತ್ತಿ ಮಾಡುವವರ ಹೆಸರು ಸಾಮಾನ್ಯವಾಗಿ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಔಷಧ ಕೊಡದೆ, ಮಾತಿನ ಮೂಲಕ ಚಿಕಿತ್ಸೆ ಮಾಡುವವರು, ಮಾನಸಿಕ ಪರೀಕ್ಷೆಗಳನ್ನು ನಡೆಸುವವರು. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್.ಸಿ.ಐ.ನ ಕೇಂದ್ರ ಪಟ್ಟಿಯಲ್ಲಿರಬೇಕು. ಆ ಪರಿಷತ್ತಿನ 1992ರ ಕಾಯ್ದೆಯಂತೆ ನೋಂದಣಿಯಿಲ್ಲದೆ ಆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. (ಸಾವಿರ ರೂಪಾಯಿ ಈಗ ಯಾರನ್ನು ಹೆದರಿಸೀತು, ಅದು ಬೇರೆ ಮಾತು.)

ತೊಡಕಿರುವುದು ಮೂರನೆಯ ಹೆಸರಿನಲ್ಲಿ, ಆಪ್ತಸಮಾಲೋಚಕರು ಎಂಬುದರಲ್ಲಿ. ಎಂ.ಎಸ್ಸಿ. ಓದಿ, ಒಳ್ಳೆಯ ತರಬೇತಿ ಪಡೆದು, ಶ್ರದ್ಧೆಯಿಂದ ಕೆಲಸ ಮಾಡುವವರು ಇದ್ದಾರೆ. ಒಂದು ವಾರದ ಶಿಬಿರ ಮುಗಿಸಿ ಫಲಕ ಹಾಕಿಕೊಂಡವರೂ ಇದ್ದಾರೆ. ಎರಡಕ್ಕೂ ಫಲಕದ ಮೇಲಿನ ಹೆಸರು ಒಂದೇ. ಇವರನ್ನೂ ನೋಂದಣಿಗೆ ಒಳಪಡಿಸಲು 2021ರಲ್ಲಿ ಕೇಂದ್ರ ಸರ್ಕಾರ ಬೇರೊಂದು ಕಾಯ್ದೆ ತಂದಿದೆ. ಆದರೂ ಫಲಕವನ್ನು ನಂಬದೆ ಬಾಯಿಬಿಟ್ಟು ಕೇಳಿ. ಏನು ಓದಿದ್ದೀರಿ, ಎಲ್ಲಿ ತರಬೇತಿಯಾಯಿತು, ನೋಂದಣಿ ಸಂಖ್ಯೆ ಯಾವುದು, ಔಷಧ ಬೇಕೆನಿಸಿದರೆ ಯಾವ ಮನೋವೈದ್ಯರಿಗೆ ಕಳುಹಿಸುತ್ತೀರಿ, ಒಂದು ಭೇಟಿಗೆ ಎಷ್ಟು ಹಣ ಎಂದು ಕೇಳುವುದರಲ್ಲಿ ಅವಮರ್ಯಾದೆ ಏನೂ ಇಲ್ಲ. ಹಸು ಕೊಳ್ಳುವಾಗ ಎಷ್ಟನೆಯ ಕರು, ಎಷ್ಟು ಲೀಟರ್ ಹಾಲು ಎಂದು ಕೇಳದೆ ಬಿಡುತ್ತೇವೆಯೇ? ಸರಿಯಾದವರು ಸಂತೋಷವಾಗಿ ಹೇಳುತ್ತಾರೆ. ಸಿಟ್ಟಾಗುವವರನ್ನೂ, ಇಷ್ಟೇ ಭೇಟಿಗಳಲ್ಲಿ ವಾಸಿ ಮಾಡುತ್ತೇನೆಂದು ಗ್ಯಾರಂಟಿ ಕೊಡುವವರನ್ನೂ, ಡಾಕ್ಟರರ ಮಾತ್ರೆ ಬಿಟ್ಟರೆ ಮಾತ್ರ ಬನ್ನಿ ಎನ್ನುವವರನ್ನೂ, ಇನ್ನೊಬ್ಬರ ಮನೆಯ ಕಥೆಯನ್ನು ನಿಮಗೆ ಹೇಳುವವರನ್ನೂ ಬಿಟ್ಟು ಎದ್ದು ಬನ್ನಿ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ವಿಷಯ. ಮನಸ್ಸಿನ ಕಾಯಿಲೆ ಎಂದೊಡನೆ ನಮ್ಮವರು ಬೆಂಗಳೂರಿನ ನಿಮ್ಹಾನ್ಸ್ ಎನ್ನುತ್ತಾರೆ, ಬಸ್ ಚಾರ್ಜು, ಒಂದು ದಿನದ ಕೂಲಿ ಲೆಕ್ಕ ಹಾಕಿ ಸುಮ್ಮನಾಗುತ್ತಾರೆ. ಅಷ್ಟು ದೂರ ಮೊದಲೇ ಹೋಗಬೇಕಾಗಿಲ್ಲ. ಹಳ್ಳಿಯ ರೋಗಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗಬೇಕೆಂದು ಅದೇ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದರ ಮಾದರಿಯಲ್ಲೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಕೋಲಾರದಲ್ಲಿ ಇದಕ್ಕೆ ವಿಚಾರಿಸಬೇಕಾದದ್ದು ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ. ಮನೋವೈದ್ಯರು, ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ನರ್ಸ್ ಸೇರಿದ ತಂಡ ಈ ಕಾರ್ಯಕ್ರಮದ ಯೋಜನೆಯಲ್ಲಿದೆ, ಔಷಧಕ್ಕೆ ಹಣವಿಲ್ಲ. ಟಮಕದಲ್ಲಿರುವ ದೇವರಾಜ ಅರಸ್ ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. 2014ರಲ್ಲಿ ನಮ್ಮ ರಾಜ್ಯ ಸರ್ಕಾರ "ಮನೋಚೈತನ್ಯ" ಎಂಬ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್‌ಗಳನ್ನು ಆರಂಭಿಸಿತು. ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಡು ಅದು. ನಿಮ್ಮ ಊರಿಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ಚೀಟಿ ಕೊಡುವವರನ್ನೋ ಮುಂಚೆಯೇ ವಿಚಾರಿಸಿಕೊಳ್ಳಿ. ಊರಿನ ಆಸ್ಪತ್ರೆಯಲ್ಲಿ ನೆಂಟರ ಕಣ್ಣಿಗೆ ಬೀಳುತ್ತೇವೆ ಎಂಬ ಸಂಕೋಚವಿದ್ದರೆ, ಮಾಲೂರಿನವರಿಗೆ ಬೆಂಗಳೂರಿನ ರೈಲಿದೆ. ನಿಮ್ಹಾನ್ಸ್ ಇದೆ, ನಮ್ಮದೇ ಸೇಂಟ್ ಜಾನ್ಸ್ ಆಸ್ಪತ್ರೆ ಇದೆ. ಆ ಸಂಕೋಚವನ್ನು ನಾನು ಹಳಿಯುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿರುವ ತಂದೆಗೆ ಅದು ಸಣ್ಣ ಭಯವೇನಲ್ಲ.

ಎಲ್ಲಿಗೂ ಹೋಗಲಾರದವರಿಗೆ ಫೋನಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಖರ್ಚಿಲ್ಲ. ಕನ್ನಡದಲ್ಲೂ ಮಾತನಾಡುತ್ತಾರೆ, ಬೇರೆ ಭಾಷೆಗಳಲ್ಲೂ ಮಾತನಾಡುತ್ತಾರೆ. ಹತ್ತಿರದಲ್ಲಿ ಎಲ್ಲಿ ಚಿಕಿತ್ಸೆ ಸಿಗುತ್ತದೆ ಎಂಬುದನ್ನೂ ಅಲ್ಲಿ ಕೇಳಬಹುದು.

ಭಾಷೆಯ ಮಾತು ನಮ್ಮ ಸೀಮೆಯಲ್ಲಿ ಮುಖ್ಯ. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಒಳಮಾತು ತೆಲುಗು. ತಮಿಳಿನಲ್ಲಿ ಜಪಸರ ಹೇಳುವ, ಉರ್ದುವಿನಲ್ಲಿ ವ್ಯಾಪಾರ ಮಾಡುವ, ಕನ್ನಡದಲ್ಲಿ ಅರ್ಜಿ ಬರೆಯುವ ಜನ ನಾವು. ಗಿರಾಕಿಯ ಹತ್ತಿರ ಯಾವ ಭಾಷೆಯಾದರೂ ನಡೆದೀತು. ಆದರೆ ಮಗು ಸತ್ತ ಸಂಕಟವನ್ನು ಹೆಂಗಸೊಬ್ಬಳು ಹೇಳಿಕೊಳ್ಳುವುದು ಅವಳ ತಾಯಿ ಆಡಿದ ಮಾತಿನಲ್ಲೇ. ಆದ್ದರಿಂದ ಪದವಿಯ ಜೊತೆಗೆ, ನಮ್ಮ ಭಾಷೆ ನಿಮಗೆ ಬರುತ್ತದೆಯೇ ಎಂದೂ ಕೇಳಿ. ಹೆಣ್ಣುಮಕ್ಕಳು ಮಹಿಳಾ ಚಿಕಿತ್ಸಕರೇ ಬೇಕೆಂದು ಕೇಳಿದರೂ ತಪ್ಪಿಲ್ಲ.

ಅಲ್ಲಿ ಕರೆಂಟು ಕೊಡುತ್ತಾರೆ, ಕಟ್ಟಿಹಾಕುತ್ತಾರೆ ಎಂಬ ಹೆದರಿಕೆ ಹಳೆಯದು. ಕಟ್ಟಿಹಾಕುತ್ತಿದ್ದದ್ದು ನಿಜವೇ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾಕ್ಕೆ ಹರಕೆಗೆಂದು ಬಂದ ರೋಗಿಗಳನ್ನಿಟ್ಟಿದ್ದ ಖಾಸಗಿ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾರದೆ ಸತ್ತರು. 2017ರಲ್ಲಿ ಅಂಗೀಕಾರವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಈಗ ಸರಪಳಿ ಹಾಕುವುದನ್ನೂ, ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವುದನ್ನೂ ನಿಷೇಧಿಸಿದೆ. ರೋಗಿಯ ವಿಷಯವನ್ನು ಗುಟ್ಟಾಗಿಡಬೇಕೆಂದೂ ಅದು ಹೇಳುತ್ತದೆ. ಪಾಪನಿವೇದನೆಯ ಗುಟ್ಟಿಗೆ ಯಾವ ವಿನಾಯಿತಿಯೂ ಇಲ್ಲ. ಚಿಕಿತ್ಸಕರಿಗೆ ಪ್ರಾಣಾಪಾಯದಂಥ ಕೆಲವು ಸಂದರ್ಭಗಳಲ್ಲಿ ವಿನಾಯಿತಿಯುಂಟು. ಮೊದಲ ದಿನವೇ ಕೇಳಿದರೆ ಅವರೇ ವಿವರಿಸುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವನ ವಿಷಯದಲ್ಲಿಯೂ, ಅವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷೆಗಿಂತ ಆರೈಕೆ ಕೊಡಬೇಕು ಎಂಬುದು ಆ ಕಾಯ್ದೆಯ 115ನೆಯ ಕಲಮಿನ ನಿಲುವು.

ಮೊದಲ ಭೇಟಿಗೆ ಹಳೆಯ ಔಷಧದ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ನಾಟಿ ಔಷಧ ತಿಂದಿದ್ದರೆ ಮುಚ್ಚಿಡದೆ ಹೇಳಿ, ಕುಡಿತವಿದ್ದರೆ ಅದನ್ನೂ ಹೇಳಿ. ಖಿನ್ನತೆಯ ಮಾತ್ರೆ ಗುಣ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಹತ್ತನೆಯ ದಿನ ಪ್ರಯೋಜನವಿಲ್ಲವೆಂದು ಬಿಡುವವರೂ, ಎರಡು ತಿಂಗಳಿಗೆ ಹುಷಾರಾದೆನೆಂದು ತಾವೇ ನಿಲ್ಲಿಸುವವರೂ ನಮ್ಮಲ್ಲಿ ಬಹಳ. ಮಾತಿನ ಚಿಕಿತ್ಸೆಯೂ ಒಂದೇ ದಿನದ್ದಲ್ಲ, ವಾರಕ್ಕೊಮ್ಮೆಯಂತೆ ಹಲವು ಸಲ ಹೋಗಬೇಕಾಗುತ್ತದೆ. ಮೊದಲನೆಯವರ ಹತ್ತಿರ ಮನಸ್ಸು ಬಿಚ್ಚಲಾಗದಿದ್ದರೆ ಇನ್ನೊಬ್ಬರನ್ನು ನೋಡಬಹುದು.

ಆದರೆ ಯಾರಾದರೂ ಸಾಯುವ ಮಾತಾಡಿದರೆ ಮಂಗಳವಾರಕ್ಕೆ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಸಾಯಬೇಕೆಂದು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ತೋಟದ ಔಷಧದ ಬಾಟಲಿಗಳನ್ನು ಅಂದೇ ಮನೆಯಿಂದ ಸಾಗಿಸಿ, ರಾತ್ರಿಯಾದರೂ ಸರಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಆ ಹುಡುಗ ಈಗಲೂ ತಿಂಗಳಿಗೊಮ್ಮೆ ಔಷಧಕ್ಕೆ ಹೋಗುತ್ತಾನೆ. ಮೊದಲ ಆರು ತಿಂಗಳು ನಾನೇ ಜೊತೆಗೆ ಹೋಗುತ್ತಿದ್ದೆ, ಈಗ ಬೇಡ ಫಾದರ್ ಎನ್ನುತ್ತಾನೆ. 14416 ಎಂದು ದೊಡ್ಡದಾಗಿ ಬರೆದು ದೇವಾಲಯದ ಸೂಚನಾ ಫಲಕದ ಮೇಲೆ ಅಂಟಿಸಿದ್ದೇವೆ, ಮದುವೆಯ ಪ್ರಕಟಣೆಗಳ ಪಕ್ಕದಲ್ಲೇ. ಆಸ್ಪತ್ರೆಗೆ ಒಬ್ಬರೇ ಹೋಗಲು ಹೆದರುವವರು ಗುರುಮನೆಯ ಬಾಗಿಲು ತಟ್ಟಿ. ಕಾರಣ ಹೇಳಬೇಕಾಗಿಲ್ಲ; ಯಾವ ಮಂಗಳವಾರ ಎಂದು ಹೇಳಿದರೆ ಸಾಕು.